ಕ್ರಮಿಕ ಪುಸ್ತಕ ಮಾಲಿಕಾ ಲೇಖನ ತಿದ್ದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಕಡೆ ಹಿಂದೂಸ್ತಾನಿ ಸಂಗೀತ ಕಲಿತವರ ಮನೆಯಲ್ಲಿ ಹಾರ್ಮೋನಿಯಂ ಪಕ್ಕ ಒಂದೆರಡು ದಪ್ಪ ಹಿಂದಿ ಪುಸ್ತಕಗಳು ಇರುವುದುಂಟು. ಬೈಂಡು ಕಿತ್ತಿರುತ್ತದೆ, ಅಂಚಿನ ತುಂಬ ಪೆನ್ಸಿಲ್ ಗುರುತು. ಸಂಗೀತಶಾಸ್ತ್ರಜ್ಞ ವಿಷ್ಣು ನಾರಾಯಣ ಭಾತಖಂಡೆಯವರು ಹಾಡುಗಳನ್ನು ಸ್ವರ ಸಮೇತ ಕೂಡಿಸಿದ ಕ್ರಮಿಕ ಪುಸ್ತಕ ಮಾಲಿಕಾ ಅದು. ಈ ಮಾಲೆಯ ಬಗ್ಗೆ ವಿಕಿಪೀಡಿಯದಲ್ಲಿ ಬರೆಯಲು ಅಥವಾ ಇರುವುದನ್ನು ತಿದ್ದಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಉತ್ತರಗಳನ್ನೆಲ್ಲ ಒಂದು ಕಡೆ ಇಟ್ಟಿದ್ದೇನೆ. ನಾನು ಹಾಡುಗಾರನಲ್ಲ, ನಾಲ್ಕು ವರ್ಷ ಕಲಿತು ಬಿಟ್ಟವನು. ವಿಕಿಪೀಡಿಯ ಮಾತ್ರ ಬಿಡಲಾಗಲಿಲ್ಲ.

ಇದು ಒಂದು ಪುಸ್ತಕವೋ, ಹಲವು ಪುಸ್ತಕಗಳೋ?

ಆರು ಭಾಗಗಳ ಮಾಲೆ. ಭಾತಖಂಡೆಯವರು ಮರಾಠಿಯಲ್ಲಿ ಮಾಡಿದ್ದು. ಮೊದಲ ಭಾಗಗಳು 1920ರ ಸುತ್ತಮುತ್ತ ಬಂದವು. ಇಂದು ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಹಾಥರಸ್‌ನ ಸಂಗೀತ ಕಾರ್ಯಾಲಯ ಹೊರತಂದ ಹಿಂದಿ ಆವೃತ್ತಿ. ಒಳಗಿರುವುದು ಸ್ವರಲಿಪಿಯ (ಸ್ವರ ಬರೆದಿಡುವ ಚಿಹ್ನೆಗಳ) ಸಮೇತ ರಾಗ ತಾಳಕ್ಕೆ ಕೂರಿಸಿದ ಹಾಡುಗಳು, ಅಂದರೆ ಬಂದಿಶ್‌ಗಳು: ಸರಗಮ್, ಲಕ್ಷಣಗೀತೆ (ರಾಗದ ಲಕ್ಷಣ ಹೇಳುವ ಹಾಡು), ಖ್ಯಾಲ್, ಧ್ರುಪದ, ಧಮಾರ್, ತರಾನಾ. ಎಲ್ಲ ಸೇರಿ ಸಾವಿರದ ಎಂಟುನೂರಕ್ಕಿಂತ ಜಾಸ್ತಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

‘ಕ್ರಮಿಕ’ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವಂಥದ್ದು. ಎರಡನೇ ಭಾಗದಲ್ಲಿ ಹತ್ತು ಥಾಟುಗಳ (ರಾಗಗಳನ್ನು ವಿಂಗಡಿಸುವ ಸ್ವರಗುಂಪುಗಳ) ಹತ್ತು ಮುಖ್ಯ ರಾಗಗಳು: ಯಮನ್, ಬಿಲಾವಲ್, ಖಮಾಜ್, ಭೈರವ್, ಪೂರ್ವಿ, ಮಾರ್ವಾ, ಕಾಫಿ, ಆಸಾವರಿ, ಭೈರವಿ, ತೋಡಿ. ಮೂರನೆಯದಕ್ಕೆ ಬಂದರೆ ಭೂಪಾಲಿ, ಬಿಹಾಗ್, ಕೇದಾರ್, ಮಾಲಕೌಂಸ್ ಸಿಗುತ್ತವೆ. ಕೊನೆಯ ಎರಡು ಭಾಗಗಳಲ್ಲಿ ಕಛೇರಿಯಲ್ಲಿ ಅಪರೂಪಕ್ಕೆ ಕೇಳುವ ರಾಗಗಳೇ ಹೆಚ್ಚು. ಲೇಖನದ ಮೊದಲ ಪ್ಯಾರಾದಲ್ಲಿ ಇಷ್ಟು ಬಂದರೆ ಓದುಗನಿಗೆ ಮಾಲೆಯ ಅಂದಾಜು ಸಿಗುತ್ತದೆ.

ಹಾಗಾದರೆ ‘ಹಿಂದುಸ್ತಾನಿ ಸಂಗೀತ ಪದ್ಧತಿ’ ಎಂದರೆ ಇದೇ ಅಲ್ವಾ?

ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. ತಪ್ಪು ಮಾಡುವವರದ್ದೇ ಪೂರ್ತಿ ತಪ್ಪೂ ಅಲ್ಲ.

ಭಾತಖಂಡೆಯವರ ‘ಹಿಂದುಸ್ಥಾನಿ ಸಂಗೀತ ಪದ್ಧತಿ’ ನಾಲ್ಕು ಭಾಗಗಳ ಶಾಸ್ತ್ರಗ್ರಂಥ. ಮರಾಠಿಯಲ್ಲಿದೆ, ಗುರು ಶಿಷ್ಯರ ಮಾತುಕತೆಯ ರೂಪದಲ್ಲಿದೆ. ಶಿಷ್ಯ ಕೇಳುತ್ತಾನೆ, ಗುರು ಹೇಳುತ್ತಾರೆ, ನಡುವೆ ಹಳೇ ಸಂಸ್ಕೃತ ಗ್ರಂಥಗಳ ಜೊತೆ ಜಗಳವೂ ಆಗುತ್ತದೆ. ಇದು ಹಿಂದಿಯಲ್ಲಿ ‘ಭಾತಖಂಡೆ ಸಂಗೀತ ಶಾಸ್ತ್ರ’ ಎಂಬ ಹೆಸರಿನಲ್ಲಿ ಬಂತು. ಕ್ರಮಿಕ ಪುಸ್ತಕ ಮಾಲಿಕಾ ಬೇರೆ. ಅದು ಹಾಡಲು ಇರುವ ಪುಸ್ತಕ.

ಆದರೆ ಮಾಲೆಯ ಮುಖಪುಟ ತೆಗೆದು ನೋಡಿ. ‘ಹಿಂದುಸ್ತಾನಿ ಸಂಗೀತ ಪದ್ಧತಿ’ ಎಂಬ ಮಾತು ಅಲ್ಲೂ ಇರುತ್ತದೆ, ಅದರ ಕೆಳಗೆ ‘ಕ್ರಮಿಕ ಪುಸ್ತಕ ಮಾಲಿಕಾ’. ಹಾಗಾಗಿ ಒಬ್ಬರು ನಾಲ್ಕು ಭಾಗ ಎನ್ನುತ್ತಾರೆ, ಇನ್ನೊಬ್ಬರು ಆರು ಎನ್ನುತ್ತಾರೆ, ಮೂರನೆಯವರು ಕೂಡಿಸಿ ಹತ್ತು ಎನ್ನುತ್ತಾರೆ! ಮೊದಲ ಎರಡು ಲೆಕ್ಕಕ್ಕೆ ಒಂದೊಂದು ಪುಸ್ತಕದ ಆಧಾರ ಇದೆ, ಬೆರೆಸಿದಾಗ ಮಾತ್ರ ಕೆಡುತ್ತದೆ. ಲೇಖನದ ತಲೆಯ ಮೇಲೆ ಒಂದು ಸಾಲು ಹಾಕಿ: ಇದು ಬಂದಿಶ್‌ಗಳ ಮಾಲೆಯ ಬಗ್ಗೆ, ಶಾಸ್ತ್ರಗ್ರಂಥಕ್ಕೆ ಬೇರೆ ಪುಟ ನೋಡಿ ಎಂದು.

ಮೂರನೆಯ ಗ್ರಂಥವೊಂದಿದೆ, ಅದನ್ನೂ ಎಳೆದು ತರಬೇಡಿ. ‘ಶ್ರೀಮಲ್ಲಕ್ಷ್ಯಸಂಗೀತಂ’ ಸಂಸ್ಕೃತದ್ದು. ಅವರು ಅದನ್ನು ‘ಚತುರ ಪಂಡಿತ’ ಎಂಬ ಹೆಸರಿನಲ್ಲಿ ಬರೆದರು. ಲಕ್ಷಣಗೀತೆಗಳಲ್ಲಿ ‘ಚತುರ’ ಎಂಬ ಮುದ್ರೆ (ಅಂಕಿತ) ಬರುವುದೂ ಇದರಿಂದಲೇ. ಯಾರೋ ಒಬ್ಬರು ‘ಚತುರ ಎಂಬ ವಾಗ್ಗೇಯಕಾರ’ ಎಂದು ಬೇರೆ ವ್ಯಕ್ತಿಯನ್ನೇ ಸೃಷ್ಟಿ ಮಾಡಿದ್ದನ್ನು ಒಮ್ಮೆ ಅಳಿಸಿದ್ದೇನೆ.

ನಾನು ಮೊದಲು ಏನು ಮಾಡಬೇಕು?

ನಿಮ್ಮ ಕೈಯಲ್ಲಿರುವ ಪ್ರತಿ ಯಾವುದು ಎಂದು ನೋಡಿಕೊಳ್ಳಿ. ಭಾಷೆ, ಭಾಗ, ಆವೃತ್ತಿ, ವರ್ಷ, ಪ್ರಕಾಶಕರು. ಈ ಐದೂ ಒಂದು ಚೀಟಿಯಲ್ಲಿ ಬರೆದುಕೊಂಡ ಮೇಲೆ ಕಂಪ್ಯೂಟರ್ ಮುಂದೆ ಕೂರಿ.

ಏಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ಏಟು ತಿಂದವನು ನಾನು. ಈ ಮಾಲೆಯ ಬಗ್ಗೆ ನಾನು ಮಾಡಿದ ಮೊದಲ ಸಂಪಾದನೆಯಲ್ಲಿ ‘ಐದು ಭಾಗಗಳು’ ಎಂದು ಬರೆದಿದ್ದೆ. ನಮ್ಮ ಮನೆಯ ಕಪಾಟಿನಲ್ಲಿ ಐದೇ ಇದ್ದವು, ಹುಟ್ಟಿದಾಗಿನಿಂದ ನೋಡಿದ್ದು ಐದೇ. ಯಾರೋ ಪುಣ್ಯಾತ್ಮರು ಅರ್ಧ ಗಂಟೆಯಲ್ಲಿ ತಿದ್ದಿದರು. ನಾನು ಮತ್ತೆ ಐದು ಮಾಡಿದೆ. ಅವರು ಆರನೇ ಭಾಗದ ಪುಟಸಂಖ್ಯೆ ಸಮೇತ ಹಾಕಿದರು. ಆಮೇಲೆ ಅಪ್ಪನನ್ನು ಕೇಳಿದಾಗ ಗೊತ್ತಾಯಿತು, ಆರನೆಯದನ್ನು ಯಾರೋ ಸ್ನೇಹಿತರು ಓದಲು ಒಯ್ದವರು ವಾಪಸು ಕೊಟ್ಟಿರಲಿಲ್ಲ.

ಮುಖಪುಟದಲ್ಲಿ ಇಸವಿ ಇಲ್ಲ, ಬೇರೆ ಏನೋ ಸಂಖ್ಯೆ ಇದೆ. ಏನು ಮಾಡಲಿ?

ಹಳೇ ಮರಾಠಿ ಪುಸ್ತಕವಾದರೆ ಶಕೆ ವರ್ಷ ಇರಬಹುದು. ಅದಕ್ಕೆ 78 ಕೂಡಿಸಿ. ಹಿಂದಿ ಪುಸ್ತಕದಲ್ಲಿ ವಿಕ್ರಮ ಸಂವತ್ ಇದ್ದರೆ 57 ಕಳೆಯಿರಿ. ಶಕೆ 1842 ಎಂದಿದ್ದರೆ 1920ನೇ ಇಸವಿ, ಆದರೆ ವರ್ಷದ ಕೊನೆಯ ತಿಂಗಳುಗಳಲ್ಲಿ ಅಚ್ಚಾಗಿದ್ದರೆ 1921. ಹಾಗಾಗಿ 1920–21 ಎಂದು ಬರೆಯುವುದು ಸುರಕ್ಷಿತ. ಉಲ್ಲೇಖದಲ್ಲಿ ಮುಖಪುಟದಲ್ಲಿದ್ದಂತೆಯೇ ಶಕೆಯನ್ನೂ ಹಾಕಿ, ಮುಂದಿನವರು ಲೆಕ್ಕ ಸರಿ ನೋಡಲಿ.

ಇನ್ನೊಂದು. ನಿಮ್ಮ ಪ್ರತಿಯಲ್ಲಿರುವ ವರ್ಷ ಹಿಂದಿ ಮರುಮುದ್ರಣದ ವರ್ಷ ಇರಬಹುದು. ಅದನ್ನು ‘ಮಾಲೆ ಪ್ರಕಟವಾದ ವರ್ಷ’ ಎಂದು ಮಾಹಿತಿ ಚೌಕದಲ್ಲಿ ತುಂಬಬೇಡಿ. ಭಾತಖಂಡೆಯವರು ಹುಟ್ಟಿದ್ದು 1860ರ ಆಗಸ್ಟ್ 10, ತೀರಿಕೊಂಡದ್ದು 1936ರ ಸೆಪ್ಟೆಂಬರ್ 19. ಮೊದಲ ಭಾಗ 1950ರ ದಶಕದಲ್ಲಿ ಮೊದಲ ಬಾರಿ ಬಂತು ಎಂದು ಬರೆದಿರುವುದು ಕಂಡರೆ ಏನಾಗಿದೆ ಎಂದು ನಿಮಗೇ ತಿಳಿಯುತ್ತದೆ. ಐಎಸ್‌ಬಿಎನ್ ಹುಡುಕಿ ಸುಸ್ತಾಗಬೇಡಿ. ಆ ಪದ್ಧತಿ ಬಂದದ್ದೇ 1970ರಲ್ಲಿ, ಹಳೇ ಪ್ರತಿಗಳಲ್ಲಿ ಇರುವುದಿಲ್ಲ. ಆ ಜಾಗ ಖಾಲಿ ಬಿಡಿ.

ಭಾತಖಂಡೆ, ಭಾತ್ಖಂಡೆ, ಭಾತಖಾಂಡೆ: ಯಾವುದು ಸರಿ?

ನಾನು ‘ಭಾತಖಂಡೆ’ ಬಳಸುತ್ತೇನೆ, ಮರಾಠಿಯ ಬರವಣಿಗೆಗೆ ಹತ್ತಿರ. ಉಳಿದವುಗಳಿಂದ ಪುನರ್ನಿರ್ದೇಶನ ಮಾಡಿದರೆ ಹುಡುಕುವವರಿಗೆ ಪುಟ ಸಿಗುತ್ತದೆ. ಹಿಂದುಸ್ಥಾನಿ ಮರಾಠಿಯದು, ಹಿಂದುಸ್ತಾನಿ ಹಿಂದಿಯದು, ಹಿಂದೂಸ್ತಾನಿ ನಮ್ಮದು. ಪುಸ್ತಕದ ಹೆಸರು ಬರೆಯುವಾಗ ಆ ಪುಸ್ತಕದ ಭಾಷೆಯ ಕಾಗುಣಿತ ಇರಲಿ, ನಿಮ್ಮ ಸ್ವಂತ ವಾಕ್ಯದಲ್ಲಿ ಕನ್ನಡದ್ದು. ಇದರ ಮೇಲೆ ವಾರಗಟ್ಟಲೆ ವಾದ ಮಾಡುವವರನ್ನು ನೋಡಿದ್ದೇನೆ. ಆ ಹೊತ್ತಿನಲ್ಲಿ ಎರಡು ಬಂದಿಶ್ ಕಲಿಯಬಹುದಿತ್ತು.

‘ಪಂಡಿತ್’ ಹಾಕದಿದ್ದರೆ ಮರ್ಯಾದೆ ಕಡಿಮೆ ಆಗುವುದಿಲ್ಲವೇ?

ಆಗುವುದಿಲ್ಲ. ವಿಶ್ವಕೋಶದಲ್ಲಿ ಪಂಡಿತ್, ಉಸ್ತಾದ್, ಶ್ರೀ, ದಿವಂಗತ, ಸಂಗೀತ ಲೋಕದ ಧ್ರುವತಾರೆ ಇವೆಲ್ಲ ಬೇಡ. ಕನ್ನಡದಲ್ಲಿ ಕ್ರಿಯಾಪದವೇ ಗೌರವ ಕೊಡುತ್ತದೆ. ‘ಬರೆದರು’, ‘ಸಂಗ್ರಹಿಸಿದರು’ ಎಂದರೆ ಸಾಕು. ಅನುವಾದ ಯಂತ್ರದಿಂದ ಬಂದ ‘ಅವನು ಬರೆದನು’ ಕಂಡರೆ ಮಾತ್ರ ಮೊದಲು ಅದನ್ನೇ ತಿದ್ದಿ. ಕಿವಿಗೆ ಚುಚ್ಚುತ್ತದೆ.

ಇಂಗ್ಲಿಷ್ ಲೇಖನವನ್ನು ಅನುವಾದ ಯಂತ್ರಕ್ಕೆ ಹಾಕಿ ಅಂಟಿಸಬಹುದೇ?

ಅನುವಾದ ಮಾಡಬಹುದು. ಎಲ್ಲಿಂದ ತಂದಿರಿ ಎಂದು ಸಂಪಾದನೆಯ ಸಾರಾಂಶದಲ್ಲಿ ಹೇಳಬೇಕು. ಆದರೆ ಯಂತ್ರ ಕೊಟ್ಟದ್ದನ್ನು ಹಾಗೇ ಅಂಟಿಸಿದರೆ ಸಂಗೀತದ ಲೇಖನದಲ್ಲಿ ಆಗುವ ಅನಾಹುತ ಬೇರೆಯೇ. ಸ್ವರ ಹೋಗಿ ‘ಟಿಪ್ಪಣಿ’ ಆಗುತ್ತದೆ. ಕೋಮಲ (ತಗ್ಗಿಸಿದ) ಸ್ವರ ‘ಚಪ್ಪಟೆ ಟಿಪ್ಪಣಿ’ ಆಗುತ್ತದೆ. ಆರು ಭಾಗಗಳು ‘ಆರು ಪರಿಮಾಣಗಳು’. ಬಂದಿಶ್ ಎಲ್ಲ ಕಡೆ ‘ಸಂಯೋಜನೆ’. ಧಾರವಾಡದಲ್ಲಿ ಯಾರಾದರೂ ‘ಯಮನ್‌ನ ಒಂದು ಸಂಯೋಜನೆ ಹೇಳಿಕೊಡಿ ಗುರುಗಳೇ’ ಎಂದದ್ದು ಕೇಳಿದ್ದೀರಾ? ಬಂದಿಶ್ ಎನ್ನುತ್ತಾರೆ, ಚೀಜ್ ಎನ್ನುತ್ತಾರೆ. ಅವೇ ಪದ ಬಳಸಿ. ಥಾಟ್, ಆಲಾಪ್, ಮೀಂಡ್, ಸಮ್, ಖಾಲಿ ಇವುಗಳಿಗೂ ಸಂಸ್ಕೃತ ಪದ ಹುಡುಕಬೇಡಿ. ಮೊದಲ ಸಲ ಬಂದಾಗ ಅರ್ಧ ಸಾಲಿನಲ್ಲಿ ಅರ್ಥ ಹೇಳಿ, ಮುಂದೆ ನಡೆಯಿರಿ.

ಸ್ವರಲಿಪಿಯನ್ನು ಕನ್ನಡದಲ್ಲಿ ಟೈಪ್ ಮಾಡುವುದು ಹೇಗೆ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ಭಾತಖಂಡೆ ಸ್ವರಲಿಪಿಯ ಚಿಹ್ನೆಗಳು ಕಡಿಮೆ, ನೆನಪಿಡುವುದು ಸುಲಭ. ಕೋಮಲ ಸ್ವರಕ್ಕೆ ಕೆಳಗೆ ಅಡ್ಡಗೆರೆ. ತೀವ್ರ (ಏರಿಸಿದ) ಮಧ್ಯಮಕ್ಕೆ ಮೇಲೆ ನೆಟ್ಟಗೆರೆ. ಮಂದ್ರ (ಕೆಳಗಿನ) ಸಪ್ತಕಕ್ಕೆ ಕೆಳಗೆ ಚುಕ್ಕಿ, ತಾರಕ್ಕೆ (ಮೇಲಿನದಕ್ಕೆ) ಮೇಲೆ ಚುಕ್ಕಿ. ಸ್ವರ ಎಳೆಯಬೇಕಾದರೆ ಸಣ್ಣ ಅಡ್ಡಗೆರೆ, ಸಾಹಿತ್ಯದ ಅಕ್ಷರ ಎಳೆಯಬೇಕಾದರೆ ಅವಗ್ರಹ. ಒಂದೇ ಮಾತ್ರೆಯಲ್ಲಿ (ತಾಳದ ಒಂದು ಎಣಿಕೆಯಲ್ಲಿ) ಎರಡು ಮೂರು ಸ್ವರ ಇದ್ದರೆ ಕೆಳಗೆ ಅರ್ಧಚಂದ್ರ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಇದ್ದರೆ ಮೇಲೆ ಕಮಾನು. ಸ್ವರವನ್ನು ಆವರಣದೊಳಗೆ ಹಾಕಿದ್ದರೆ ಮೇಲಿನ ಸ್ವರ, ಅದೇ ಸ್ವರ, ಕೆಳಗಿನ ಸ್ವರ, ಮತ್ತೆ ಅದೇ ಸ್ವರ ಎಂದು ಸುತ್ತಿ ಹಾಡಬೇಕು. (ಪ) ಎಂದರೆ ಧಪಮಪ. ತಾಳದಲ್ಲಿ ಸಮ್‌ಗೆ (ಆವರ್ತದ ಮೊದಲ ಮಾತ್ರೆ) ಗುಣಾಕಾರ ಚಿಹ್ನೆ, ಖಾಲಿಗೆ (ಪೆಟ್ಟಿಲ್ಲದ ಜಾಗ) ಸೊನ್ನೆ, ಉಳಿದ ಪೆಟ್ಟುಗಳಿಗೆ ಸಂಖ್ಯೆ. ತೀನ್‌ತಾಲದ 16 ಮಾತ್ರೆಗಳಲ್ಲಿ 1ರ ಕೆಳಗೆ ×, 5ರ ಕೆಳಗೆ 2, 9ರ ಕೆಳಗೆ 0, 13ರ ಕೆಳಗೆ 3.

ಕಾಗದದ ಮೇಲೆ ಇಷ್ಟೇ. ಪರದೆಯ ಮೇಲೆ ಬಂದಾಗ ತೊಂದರೆ ಶುರು. ಹಿಂದಿಯಲ್ಲಿ ಟೈಪ್ ಮಾಡುವವರು ಒಂದು ಜಾಣತನ ಮಾಡುತ್ತಾರೆ. ತಾರ ಸಪ್ತಕದ ಚುಕ್ಕಿಗೆ ಅನುಸ್ವಾರ ಹಾಕುತ್ತಾರೆ, ಏಕೆಂದರೆ ದೇವನಾಗರಿಯಲ್ಲಿ ಅನುಸ್ವಾರ ಅಕ್ಷರದ ತಲೆ ಮೇಲಿನ ಚುಕ್ಕಿಯೇ. ಮಂದ್ರಕ್ಕೆ ನುಕ್ತಾ ಹಾಕುತ್ತಾರೆ, ಅದು ಕೆಳಗಿನ ಚುಕ್ಕಿ. ನೋಡಲು ಚೆನ್ನಾಗಿಯೇ ಇರುತ್ತದೆ. ಅದನ್ನು ಲಿಪಿ ಬದಲಿಸುವ ತಂತ್ರಾಂಶಕ್ಕೆ ಕೊಟ್ಟು ಕನ್ನಡ ಮಾಡಿದಿರೋ, ತಾರ ಷಡ್ಜ ಹೋಗಿ ‘ಸಾಂ’ ಆಗುತ್ತದೆ. ನಮ್ಮ ಅನುಸ್ವಾರ ಅಕ್ಷರದ ಪಕ್ಕದ ಸೊನ್ನೆ. ಚುಕ್ಕಿಯ ಕೆಲಸ ಅದು ಮಾಡುವುದಿಲ್ಲ. ‘ರೇಂ’, ‘ಗಂ’ ನೋಡಿದ ಹೊಸಬರು ಗಂ ಎಂದೇ ಹಾಡಿದರೆ ಬೈಯುವುದು ಯಾರನ್ನು? ಇನ್ನು ಅವಗ್ರಹದ ಬದಲು ಇಂಗ್ಲಿಷಿನ ಎಸ್ ಅಕ್ಷರ ಒತ್ತಿರುವುದಂತೂ ಎಲ್ಲೆಲ್ಲೂ ಸಿಗುತ್ತದೆ. ಕನ್ನಡಕ್ಕೆ ತನ್ನದೇ ಅವಗ್ರಹ ಇದೆ: ಽ. ಅದನ್ನೇ ಹಾಕಿ.

ನಾನು ಮಾಡುವುದು ಹೀಗೆ. ವೇದಮಂತ್ರ ಅಚ್ಚು ಹಾಕುವವರು ಬಳಸುವ ಸ್ವರಿತ ಮತ್ತು ಅನುದಾತ್ತ ಚಿಹ್ನೆಗಳು ಯೂನಿಕೋಡ್‌ನಲ್ಲಿವೆ. ಅನುದಾತ್ತ ಎಂದರೆ ಕೆಳಗಿನ ಅಡ್ಡಗೆರೆ, ಸ್ವರಿತ ಎಂದರೆ ಮೇಲಿನ ನೆಟ್ಟಗೆರೆ. ಭಾತಖಂಡೆಯವರ ಕೋಮಲ ಮತ್ತು ತೀವ್ರ ಚಿಹ್ನೆಗಳಿಗೆ ಇವು ಸರಿಯಾಗಿ ಕೂರುತ್ತವೆ: ರೇ॒ ಗ॒ ಧ॒ ನಿ॒, ಮ॑. ಕೆಲವು ಫೋನುಗಳಲ್ಲಿ ಗೆರೆ ಅಕ್ಷರದಿಂದ ಜಾರಿ ಪಕ್ಕಕ್ಕೆ ಹೋಗುತ್ತದೆ. ಆದ್ದರಿಂದ ಉಳಿಸುವ ಮೊದಲು ಮುನ್ನೋಟ ನೋಡಿ, ಆಮೇಲೆ ಫೋನಿನಲ್ಲೂ ನೋಡಿ. ಕೋಮಲಕ್ಕೆ ವಿಕಿಯ ಅಡಿಗೆರೆ ಟ್ಯಾಗ್ ಹಾಕಿದರೂ ಆಯಿತು. ಮಾತ್ರೆಗಳನ್ನು ಸ್ಪೇಸ್ ಒತ್ತಿ ಒತ್ತಿ ಸರಿ ಮಾಡಲು ಹೋಗಬೇಡಿ, ಕೋಷ್ಟಕ ಮಾಡಿ.

ಒಂದು ಎಚ್ಚರಿಕೆ. ಲೇಖನಕ್ಕೆ ಬೇಕಿರುವುದು ಚಿಹ್ನೆಗಳ ಪರಿಚಯ ಮತ್ತು ಒಂದು ಸಣ್ಣ ಉದಾಹರಣೆ. ನಾಲ್ಕು ಪುಟ ಸ್ವರಲಿಪಿ ಅಲ್ಲ.

ಪಲುಸ್ಕರ್ ಸ್ವರಲಿಪಿಯೂ ಇದೇ ಅಲ್ವಾ?

ಅಲ್ಲ. ಇಬ್ಬರ ಹೆಸರೂ ವಿಷ್ಣು, ಇಬ್ಬರೂ ಒಂದೇ ಕಾಲದವರು, ಇಬ್ಬರೂ ಸ್ವರಲಿಪಿ ಮಾಡಿದರು. ಗೊಂದಲ ಸಹಜ. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರ್‌ನಲ್ಲಿ ಗಾಂಧರ್ವ ಮಹಾವಿದ್ಯಾಲಯ ಶುರು ಮಾಡಿದವರು. ಭಾತಖಂಡೆಯವರು ಮುಂಬೈನ ವಕೀಲರು. 1916ರಲ್ಲಿ ಬರೋಡಾದಲ್ಲಿ ನಡೆದ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನದ ಹಿಂದಿದ್ದವರು, 1926ರಲ್ಲಿ ಲಖನೌದ ಮ್ಯಾರಿಸ್ ಕಾಲೇಜು ಕಟ್ಟಿದವರಲ್ಲಿ ಮುಖ್ಯರು. ಆ ಕಾಲೇಜೇ ಇಂದು ಅವರ ಹೆಸರಿನ ವಿಶ್ವವಿದ್ಯಾಲಯ.

ನಮ್ಮ ಕಡೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ ಕಟ್ಟುವ ಮಕ್ಕಳೂ ಭಾತಖಂಡೆಯವರ ಪುಸ್ತಕ ಹಿಡಿದು ಓದುತ್ತಾರೆ. ಹಾಗಾಗಿ ‘ಗಾಂಧರ್ವದ ಪುಸ್ತಕ’ ಎಂದು ಬಾಯಿಮಾತಿನಲ್ಲಿ ಹೇಳುವುದುಂಟು. ಲೇಖನದಲ್ಲಿ ಅದು ಬರಬಾರದು.

ನಮ್ಮ ಗುರುಗಳು ಒಂದು ಬಂದಿಶ್ ಪುಸ್ತಕದಲ್ಲಿ ತಪ್ಪಾಗಿದೆ ಎನ್ನುತ್ತಾರೆ. ಬರೆಯಬಹುದೇ?

ನನಗೆ ಅತಿ ಕಷ್ಟವಾಗುವ ಪ್ರಶ್ನೆ ಇದು. ಗುರುಗಳು ಹೇಳುವುದು ನಿಜ ಇರಬಹುದು. ಅದೇ ಚೀಜ್ ಒಂದು ಘರಾಣೆಯಲ್ಲಿ (ಗುರುಪರಂಪರೆಯಲ್ಲಿ) ಒಂದು ಮಾತ್ರೆ ಹಿಂದೆ ಎದ್ದರೆ ಇನ್ನೊಂದರಲ್ಲಿ ಮುಂದೆ ಏಳುತ್ತದೆ. ಸಾಹಿತ್ಯದ ಶಬ್ದ ಬದಲಾಗುತ್ತದೆ. ಬಾಯಿಂದ ಬಾಯಿಗೆ ಬಂದ ವಿದ್ಯೆ, ಹಾಗೆಯೇ ಇರಬೇಕು.

ಭಾತಖಂಡೆಯವರ ಮುಂದಿದ್ದ ಪ್ರಶ್ನೆಯೂ ಇದೇ ಆಗಿತ್ತು ಎಂಬುದನ್ನು ನೆನೆಯಿರಿ. ಅವರು ಊರೂರು ಅಲೆದರು. ರಾಮ್‌ಪುರದ ದರ್ಬಾರಿನ ಗಾಯಕರಿಂದ, ಜೈಪುರದ ಮನರಂಗ್ ಪರಂಪರೆಯವರಿಂದ ಚೀಜ್‌ಗಳನ್ನು ಕೇಳಿ ಬರೆದುಕೊಂಡರು. ಒಂದೊಂದು ಚೀಜಿಗೆ ಹಲವು ಪಾಠಗಳು. ಅವುಗಳಲ್ಲಿ ಒಂದು ಅಚ್ಚಾಯಿತು. ಅಚ್ಚಾದದ್ದು ಪುಸ್ತಕದ ಪಾಠ. ಉಳಿದವು ಗಂಟಲಲ್ಲಿ ಉಳಿದವು.

ವಿಕಿಪೀಡಿಯಕ್ಕೆ ಅಚ್ಚಾದ ಆಧಾರ ಬೇಕು. ‘ನಮ್ಮ ಗುರುಗಳ ಪ್ರಕಾರ’ ನಡೆಯುವುದಿಲ್ಲ, ಗುರುಗಳು ಎಷ್ಟೇ ದೊಡ್ಡವರಾದರೂ. ಅವರು ಎಲ್ಲಾದರೂ ಲೇಖನ ಬರೆದಿದ್ದರೆ, ಸಂದರ್ಶನದಲ್ಲಿ ಹೇಳಿದ್ದು ಪತ್ರಿಕೆಯಲ್ಲಿ ಬಂದಿದ್ದರೆ, ಅದನ್ನು ಅವರ ಅಭಿಪ್ರಾಯವೆಂದು ಹೆಸರು ಹೇಳಿ ಹಾಕಬಹುದು. ಇಲ್ಲದಿದ್ದರೆ ಒಂದೇ ದಾರಿ: ಗುರುಗಳಿಗೆ ಹೇಳಿ ಬರೆಸಿ, ಒಳ್ಳೆಯ ಪತ್ರಿಕೆಗೆ ಕಳಿಸಿ. ವಿಕಿಪೀಡಿಯ ಕಾಯುತ್ತದೆ.

ಥಾಟ್ ಪದ್ಧತಿಯ ಟೀಕೆಯನ್ನು ಈ ಲೇಖನದಲ್ಲಿ ಹಾಕಬೇಕೇ?

ಒಂದು ಪ್ಯಾರಾ ಹಾಕಿ. ಮಾಲೆಯ ಕಟ್ಟೋಣವೇ ಹತ್ತು ಥಾಟುಗಳ ಮೇಲೆ ನಿಂತಿದೆ, ಹಾಗಾಗಿ ಎಲ್ಲ ರಾಗಗಳೂ ಹತ್ತರಲ್ಲಿ ಹಿಡಿಯುವುದಿಲ್ಲ ಎಂಬ ಟೀಕೆ ಇಲ್ಲಿಗೆ ಸಂಬಂಧಪಟ್ಟದ್ದೇ. ಅಹಿರ್ ಭೈರವ್ ತೆಗೆದುಕೊಳ್ಳಿ. ಕೆಳಗೆ ಭೈರವ್‌ನಂತೆ ಕೋಮಲ ರಿಷಭ, ಶುದ್ಧ ಗಾಂಧಾರ. ಮೇಲೆ ಕಾಫಿಯಂತೆ ಶುದ್ಧ ಧೈವತ, ಕೋಮಲ ನಿಷಾದ. ಹತ್ತರಲ್ಲಿ ಯಾವ ಥಾಟಿನ ಸ್ವರಗಳೂ ಹೊಂದುವುದಿಲ್ಲ. ಕರ್ನಾಟಕ ಸಂಗೀತದಿಂದ ಹೋದ ಚಾರುಕೇಶಿ, ಕೀರವಾಣಿಗಳದ್ದೂ ಇದೇ ಕಥೆ.

ಕರ್ನಾಟಕ ಸಂಗೀತದಲ್ಲಿ ರಾಗಗಳನ್ನು ವಿಂಗಡಿಸುವ ಮೇಳಕರ್ತ ಪದ್ಧತಿಯ ಜೊತೆಗಿನ ನಂಟನ್ನೂ ಹೇಳಿ. ಭಾತಖಂಡೆಯವರು 1904ರಲ್ಲಿ ದಕ್ಷಿಣಕ್ಕೆ ಬಂದರು. ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡರು. ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಹೊರಬಂದದ್ದೂ ಆ ವರ್ಷವೇ. ವೆಂಕಟಮಖಿಯ ‘ಚತುರ್ದಂಡಿ ಪ್ರಕಾಶಿಕೆ’ಯ ಪರಿಚಯ ಅವರಿಗೆ ಆದದ್ದು ಈ ಪ್ರವಾಸದಲ್ಲಿ. 72 ಮೇಳಗಳ ಚೌಕಟ್ಟು ನೋಡಿದವರು ತಮ್ಮ ಕಡೆಯ ರಾಗಗಳಿಗೆ ಹತ್ತು ಸಾಕೆಂದುಕೊಂಡರು.

ಟೀಕೆಗೆ ಆಧಾರ ಬೇಕಾದರೆ ಜಾನಕಿ ಬಖಲೆ ಅವರ 2005ರ ‘ಟು ಮೆನ್ ಆ್ಯಂಡ್ ಮ್ಯೂಸಿಕ್’ ಓದಿ. ಭಾತಖಂಡೆ, ಪಲುಸ್ಕರ್ ಇಬ್ಬರನ್ನೂ ರಾಷ್ಟ್ರೀಯತೆಯ ಹಿನ್ನೆಲೆಯಲ್ಲಿಟ್ಟು ನೋಡಿದ ಪುಸ್ತಕ. ಭಕ್ತರಿಗೆ ಇಷ್ಟವಾಗುವುದಿಲ್ಲ, ಆದರೆ ಭಕ್ತರಲ್ಲದವರು ಬರೆದ ಆಧಾರವೂ ಲೇಖನಕ್ಕೆ ಬೇಕು. ಬರೆಯುವಾಗ ‘ಕೆಲವರು ಹೇಳುತ್ತಾರೆ’ ಎನ್ನಬೇಡಿ. ಯಾರು, ಎಲ್ಲಿ, ಯಾವಾಗ ಎಂಬುದು ಇರಲಿ.

ಕರ್ನಾಟಕದ ಸಂಬಂಧ ಎಂದು ಒಂದು ವಿಭಾಗ ಮಾಡಲೇ?

ಆಸೆ ಅರ್ಥವಾಗುತ್ತದೆ. ನನಗೂ ಇದೆ. ಆದರೆ ಇದು ಮುಂಬೈಯಲ್ಲಿ ಹುಟ್ಟಿದ, ಮರಾಠಿಯಲ್ಲಿ ಬರೆದ, ಉತ್ತರದ ಉಸ್ತಾದರಿಂದ ಸಂಗ್ರಹಿಸಿದ ಮಾಲೆ. ನಮ್ಮಲ್ಲಿ ಇದನ್ನು ಓದುತ್ತಾರೆ ಎಂಬುದು ನಿಜ. ಯಾವುದಾದರೂ ವಿಶ್ವವಿದ್ಯಾಲಯದ ಅಥವಾ ಪರೀಕ್ಷಾ ಮಂಡಳಿಯ ಅಚ್ಚಾದ ಪಠ್ಯಕ್ರಮದಲ್ಲಿ ಈ ಪುಸ್ತಕದ ಹೆಸರಿದ್ದರೆ ಆಧಾರ ಕೊಟ್ಟು ಒಂದು ವಾಕ್ಯ ಬರೆಯಿರಿ. ‘ಧಾರವಾಡದ ಎಲ್ಲ ದಿಗ್ಗಜರೂ ಇದನ್ನೇ ಕಲಿತರು’ ಎಂದು ಬರೆದರೆ ನಾನೇ ಅಳಿಸುತ್ತೇನೆ. ಅವರಲ್ಲಿ ಹೆಚ್ಚಿನವರು ಗುರುವಿನ ಮುಂದೆ ಕೂತು ಕಿವಿಯಿಂದ ಕಲಿತವರು.

ಬಂದಿಶ್‌ಗಳನ್ನೆಲ್ಲ ಲೇಖನದಲ್ಲೇ ಹಾಕಿದರೆ ಮಕ್ಕಳಿಗೆ ಅನುಕೂಲ ಅಲ್ವಾ?

ಅನುಕೂಲ ಹೌದು, ಜಾಗ ಮಾತ್ರ ಇದಲ್ಲ. ವಿಶ್ವಕೋಶ ಪುಸ್ತಕದ ಬಗ್ಗೆ ಹೇಳುತ್ತದೆ, ಪುಸ್ತಕವನ್ನೇ ತಂದು ಇಡುವುದಿಲ್ಲ. ಮೂಲ ಪಠ್ಯ ಇಡಲು ವಿಕಿಸೋರ್ಸ್ ಇದೆ. ಅಲ್ಲೂ ಮೂಲದ ಭಾಷೆ ನೋಡಬೇಕು. ಮರಾಠಿ ಪುಸ್ತಕ ಮರಾಠಿ ವಿಕಿಸೋರ್ಸ್‌ಗೆ ಹೋಗಬೇಕು, ಕನ್ನಡದ್ದಕ್ಕಲ್ಲ.

ಹಕ್ಕುಸ್ವಾಮ್ಯ ಮುಗಿದಿದೆಯಲ್ಲ? ಸ್ಕ್ಯಾನ್ ಮಾಡಿ ಏರಿಸಬಹುದೇ?

ಭಾರತದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಭಾತಖಂಡೆಯವರು ಹೋದದ್ದು 1936ರಲ್ಲಿ. ಅವರು ಬರೆದ ಮರಾಠಿ ಮೂಲದ ಅವಧಿ ಎಂದೋ ಮುಗಿಯಿತು. ಆದರೆ ನಿಮ್ಮ ಕೈಯಲ್ಲಿರುವುದು ಮರಾಠಿಯೋ ಹಿಂದಿಯೋ? ಹಿಂದಿಗೆ ಅನುವಾದ ಮಾಡಿದವರಿಗೆ, ಹೊಸ ಮುನ್ನುಡಿ ಬರೆದವರಿಗೆ, ಮುಖಪುಟ ಬಿಡಿಸಿದವರಿಗೆ ಬೇರೆ ಹಕ್ಕು ಇರುತ್ತದೆ. ಮೂಲ ಮುಕ್ತವಾಯಿತೆಂದು ಅನುವಾದ ಮುಕ್ತವಾಗುವುದಿಲ್ಲ.

ಬಂದಿಶ್‌ನ ಸಾಹಿತ್ಯದ ವಿಷಯ ಬೇರೆ. ಖ್ಯಾಲ್ ರಚಿಸಿದ ಸದಾರಂಗರು ಮೊಘಲ್ ದೊರೆ ಮಹಮ್ಮದ್ ಷಾನ ದರ್ಬಾರಿನವರು, ಹದಿನೆಂಟನೇ ಶತಮಾನ. ಅವರ ಒಂದು ಖ್ಯಾಲಿನ ಎರಡು ಸಾಲು ಉದಾಹರಣೆಗೆ ಹಾಕಿದರೆ ಯಾರೂ ಕೇಳುವುದಿಲ್ಲ. ಅಂತರ್ಜಾಲದಲ್ಲಿ ಬಿದ್ದಿರುವ ಪಿಡಿಎಫ್‌ಗೆ ಕೊಂಡಿ ಹಾಕುವ ಮೊದಲು ಯಾರು ಏರಿಸಿದ್ದಾರೆ, ಯಾವ ಆವೃತ್ತಿ ಎಂದು ನೋಡಿ. ಸಿಕ್ಕಿತು ಎಂದು ಸುಮ್ನೆ ಹಾಕಬೇಡಿ.

ಈ ಮಾಲೆಗೆ ಪ್ರತ್ಯೇಕ ಲೇಖನ ಬೇಕೇ? ಭಾತಖಂಡೆ ಪುಟದಲ್ಲೇ ಸೇರಿಸಿದರೆ ಸಾಲದೇ?

ಪುಸ್ತಕದ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದರೆ ಪ್ರತ್ಯೇಕ ಪುಟ ನಿಲ್ಲುತ್ತದೆ. ಈ ಮಾಲೆಗೆ ಅದಕ್ಕೇನೂ ಬರ ಇಲ್ಲ. ಆದರೆ ಆರು ಭಾಗಕ್ಕೆ ಆರು ಪುಟ ಮಾಡಬೇಡಿ. ಮೂರು ಮೂರು ಸಾಲಿನ ಆರು ಚುಟುಕು ಪುಟಗಳು ಯಾರಿಗೂ ಬೇಡ.

ಪುಸ್ತಕದ ಬೆಲೆ, ಸಿಗುವ ಅಂಗಡಿ?

ಬೇಡ.

ಈ ಮಾಲೆಯ ಆಧಾರದ ಮೇಲೆ ನಾನೇ ಕನ್ನಡದಲ್ಲಿ ಒಂದು ಕೈಪಿಡಿ ಬರೆದಿದ್ದೇನೆ. ಹೆಸರು ಸೇರಿಸಲೇ?

ನೀವೇ ಸೇರಿಸಬೇಡಿ. ಚರ್ಚಾಪುಟದಲ್ಲಿ ‘ಇದು ನನ್ನ ಪುಸ್ತಕ, ಸೇರಿಸಬಹುದೇ ನೋಡಿ’ ಎಂದು ತೆರೆದು ಹೇಳಿ. ಬೇರೆಯವರು ತೀರ್ಮಾನ ಮಾಡಲಿ. ಬೇರೆ ಹೆಸರಿನಲ್ಲಿ ಬಂದು ಸೇರಿಸಿದರೆ ಗೊತ್ತಾಗಿಯೇ ಗೊತ್ತಾಗುತ್ತದೆ, ಆಗ ಒಳ್ಳೆಯ ಪುಸ್ತಕಕ್ಕೂ ಕೆಟ್ಟ ಹೆಸರು.

ನಾನು ಬರೆದದ್ದನ್ನು ಯಾರೋ ಅಳಿಸಿದ್ದಾರೆ. ಏನು ಮಾಡಲಿ?

ಮೊದಲು ಒಂದು ಚಹಾ ಕುಡಿಯಿರಿ. ಆಮೇಲೆ ‘ಇತಿಹಾಸವನ್ನು ನೋಡಿ’ ಒತ್ತಿ. ನಿಮ್ಮ ಮಾತು ಎಲ್ಲೂ ಹೋಗಿಲ್ಲ, ಹಳೇ ಆವೃತ್ತಿಯಲ್ಲಿ ಹಾಗೇ ಇದೆ. ಅಳಿಸಿದವರು ಸಾರಾಂಶದಲ್ಲಿ ಕಾರಣ ಬರೆದಿರುತ್ತಾರೆ. ಬರೆಯದಿದ್ದರೆ ಅವರ ಚರ್ಚಾಪುಟದಲ್ಲಿ ಕೇಳಿ. ಹತ್ತರಲ್ಲಿ ಎಂಟು ಸಲ ಕಾರಣ ಒಂದೇ: ಉಲ್ಲೇಖ ಇಲ್ಲ. ಭಾಗ, ಪುಟಸಂಖ್ಯೆ, ಆವೃತ್ತಿ ಹಾಕಿ ಮತ್ತೆ ಸೇರಿಸಿದರೆ ಉಳಿಯುತ್ತದೆ. ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಅರಳಿಕಟ್ಟೆಗೆ (ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟಕ್ಕೆ) ತನ್ನಿ, ಅಲ್ಲಿ ನಾಲ್ಕು ಜನ ನೋಡುತ್ತಾರೆ. ಅವರು ಅಳಿಸುವುದು, ನೀವು ಸೇರಿಸುವುದು, ಮತ್ತೆ ಅಳಿಸುವುದು, ಈ ಆಟ ಬೇಡ. ಐದು ಭಾಗದ ಕಥೆ ಹೇಳಿದೆನಲ್ಲ.

ನನ್ನ ಹತ್ತಿರ ಒಂದೇ ಭಾಗ ಇದೆ, ಸಂಗೀತವೂ ಅಷ್ಟಾಗಿ ಬರುವುದಿಲ್ಲ. ನನ್ನಿಂದ ಏನಾಗುತ್ತದೆ?

ಬಹಳ ಆಗುತ್ತದೆ. ಸಂಗೀತ ಬರುವವರು ಮುಖಪುಟದ ಹಿಂದಿನ ಹಾಳೆ ನೋಡುವುದೇ ಇಲ್ಲ, ನೇರವಾಗಿ ರಾಗಕ್ಕೆ ಹೋಗುತ್ತಾರೆ. ನೀವು ಆ ಹಾಳೆ ನೋಡಿ. ಆವೃತ್ತಿ, ವರ್ಷ, ಮುದ್ರಣಾಲಯ, ಅನುವಾದಕರ ಹೆಸರು ಬರೆದುಕೊಳ್ಳಿ. ವಿಷಯಸೂಚಿಯಲ್ಲಿ ಯಾವ ರಾಗ ಯಾವ ಪುಟದಲ್ಲಿ ಎಂದು ಗುರುತು ಮಾಡಿ. ಮುನ್ನುಡಿಯಲ್ಲಿ ಯಾರಿಗೆ ಕೃತಜ್ಞತೆ ಹೇಳಿದ್ದಾರೆ ಎಂದು ಓದಿ. ಚೀಜ್ ಯಾರಿಂದ ಬಂತು ಎಂಬ ಸುಳಿವು ಅಲ್ಲಿ ಸಿಗಬಹುದು. ಮೊದಲು ಪ್ರಯೋಗಪುಟದಲ್ಲಿ ಬರೆದು ನೋಡಿ, ಆಮೇಲೆ ಲೇಖನಕ್ಕೆ ತನ್ನಿ.

ಯಾರ ಹತ್ತಿರವಾದರೂ ಮೂರನೇ ಭಾಗದ ಹಳೇ ಮರಾಠಿ ಪ್ರತಿ ಇದ್ದರೆ ದಯವಿಟ್ಟು ಚರ್ಚಾಪುಟದಲ್ಲಿ ಒಂದು ಮಾತು ಹಾಕಿ. ನಮ್ಮ ಮನೆಯ ಪ್ರತಿಯಲ್ಲಿ ವರ್ಷ ಇದ್ದ ಹಾಳೆಯೇ ಹರಿದುಹೋಗಿದೆ. ಅದರ ಹಿಂದೆ ಅಜ್ಜ ಹಾಲಿನ ಲೆಕ್ಕ ಬರೆಯುತ್ತಿದ್ದರಂತೆ.